ಹಳ್ಳದ ಕಲ್ಲಿಗೆ ಬಳಿದ ಸುಣ್ಣ

ಕಂಪ್ಲಿ,
12-10-1934

ಓವರ್ಸಿಯರ್ ಸಾಹೇಬರಿಗೆ ರಸ್ತೆ ಮೇಸ್ತ್ರಿ ಪಾಲಯ್ಯನ ನಮಸ್ಕಾರಗಳು.

ಹೊಸಪೇಟೆ ರಸ್ತೆಗೆ ಅಡ್ಡ ಹರಿಯುವ ಹಳ್ಳದ ಕಲ್ಲಿಗೆ ಮೊಣಕಾಲೆತ್ತರ ಮಾತ್ರ ಸುಣ್ಣವಿತ್ತು. ಆ ಬಿಳಿ ಕಂಡರೆ ಗಾಡಿಗಳು ದಾಟುತ್ತಿದ್ದವು, ಮುಳುಗಿದರೆ ನಿಲ್ಲುತ್ತಿದ್ದವು. ದೊಡ್ಡ ಸಾಹೇಬರು ಬರುತ್ತಾರೆಂದು ತಾವು ಹೇಳಿದಂತೆ ತುದಿಯವರೆಗೂ ಬಳಿದೆ.

ಮಂಗಳವಾರ ಗುಡುಗುಮಳೆಗೆ ಹಳ್ಳ ಒಮ್ಮೆಲೇ ಬಂತು. "ಬಿಳಿ ಇನ್ನೂ ಕಾಣ್ತೈತಿ, ಹೆದರಬ್ಯಾಡ ಕುಂದ್ರು ಯಕ್ಕಾ" ಎಂದು ಗಾಡಿಯವ ಮೂಕಣ್ಣ ಎತ್ತುಗಳನ್ನು ನೀರಿಗಿಳಿಸಿದ. ಅವನು ಎತ್ತಿನ ಬಾಲ ಹಿಡಿದು ದಡ ಸೇರಿದ. ಗಾಡಿಯಲ್ಲಿದ್ದ ಹೆಂಗಸು ಮರುದಿನ ಜಾಲಿಮರದ ಬುಡದಲ್ಲಿ ಸಿಕ್ಕಳು.

ಕಲ್ಲಿನ ಮೇಲ್ಭಾಗಕ್ಕೆ ಬಳಿಯಲು ಡಾಂಬರು ಕಳುಹಿಸಬೇಕು. ಅಳತೆಪಟ್ಟಿಯೂ ಬೇಕು. ಹಿಂದೆ ನನ್ನ ಹೆಂಡತಿ ಜಂಬವ್ವನನ್ನು ಕಲ್ಲಿನ ಪಕ್ಕ ನಿಲ್ಲಿಸಿ, ಅವಳ ಮೊಣಕಾಲಿಗೆ ಗುರುತು ಮಾಡಿದ್ದೆ. ಗಾಡಿಯಲ್ಲಿದ್ದವಳು ಅವಳೇ.

ತಮ್ಮ ವಿಧೇಯ,
ಪಾಲಯ್ಯ