ಜೋಳಿಗೆಗೆ ಬಿದ್ದ ನೋಟು

ಹನೂರು
ಬುಧವಾರ, 12 ಫೆಬ್ರವರಿ 2025

ಮಗನೇ ಮಾದೇಶ,

ಗಂಟಲು ಹೇಗಿದೆ? ಮೊನ್ನೆ ಟೀವೀಲಿ ಮಾತಾಡುವಾಗ ಕೆಮ್ಮುತ್ತಿದ್ದೆ. ಮೆಣಸಿನ ಕಷಾಯ ಕುಡಿಯಬೇಕಂತೆ, ಫ್ರಿಜ್ಜಿನ ನೀರು ಮುಟ್ಟಬಾರದಂತೆ, ನಿಮ್ಮವ್ವ ಹೇಳಿಸಿದ್ದಾಳೆ. ನಾನು ಚೆನ್ನಾಗಿದ್ದೇನೆ. ಬೀಪಿ ಮಾತ್ರೆ ನುಂಗಿಯೇ ಈ ಕಾಗದಕ್ಕೆ ಕೂತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದರೆ ನಿನ್ನ ಮ್ಯಾನೇಜರ್ ಹುಡುಗಿ ಎತ್ತಿ, ಮ್ಯಾಡಿ ಸರ್ ರೆಕಾರ್ಡಿಂಗಲ್ಲಿದ್ದಾರೆ ಅಂಕಲ್ ಅನ್ನುತ್ತಾಳೆ. ಬೆಟ್ಟದ ಮಾದಪ್ಪನ ಹೆಸರಿಟ್ಟು ತೊಟ್ಟಿಲು ತೂಗಿದ ಮಗ ಮ್ಯಾಡಿ ಆದದ್ದಕ್ಕೆ ನಾನು ತಕರಾರು ತೆಗೆದವನಲ್ಲ. ವ್ಯಾಪಾರಕ್ಕೆ ಬೋರ್ಡು ಬೇಕು, ನನ್ನ ಮೈಕ್‌ಸೆಟ್ ಅಂಗಡಿಗೂ ಒಂದಿದೆ. ಆದರೆ ಅಂಗಡಿಯಲ್ಲಿ ಇಲ್ಲದ ಸರಕನ್ನು ಬೋರ್ಡಿನ ಮೇಲೆ ಬರೆಯಬಾರದು.

ಸುದ್ದಿ ಇಷ್ಟೇ. ನಿಮ್ಮವ್ವ ಜೋಳಿಗೆಯನ್ನು ಗೂಟಕ್ಕೆ ನೇತುಹಾಕಿದ್ದಾಳೆ. ಇನ್ನು ಮಾದಪ್ಪನ ಕೋರಣ್ಯದ ಭಿಕ್ಷೆಗೆ ಹೋಗುವುದಿಲ್ಲವಂತೆ. ನಿನಗೆ ಐದು ವರ್ಷವಾಗಿದ್ದಾಗ ಜ್ವರ ಬಂದು ಗಂಟಲು ಕಟ್ಟಿ ದನಿಯೇ ಹೋಗಿತ್ತು. ಆಗ ನಿಮ್ಮವ್ವ ಶಿವರತ್ನಮ್ಮ ಹರಕೆ ಹೊತ್ತಳು: ನನ್ನ ಮಗ ಬಾಯಿ ಬಿಟ್ಟರೆ ಪ್ರತಿ ಶಿವರಾತ್ರಿಗೂ ಬರಿಗಾಲಲ್ಲಿ ಮನೆಮನೆ ಭಿಕ್ಷೆ ಎತ್ತಿ, ಬಂದ ಧಾನ್ಯವನ್ನು ಬೆಟ್ಟದಲ್ಲಿ ಬೇಯಿಸಿ ಯಾತ್ರೆಗೆ ಬಂದ ಪರದೇಶಿಗಳಿಗೆ ಬಡಿಸುತ್ತೇನೆ ಅಂತ. ನಮ್ಮ ಕಡೆ ಅದು ಇಲ್ಲದವರ ಕೆಲಸ ಅಲ್ಲ. ಬಾಗಿಲಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿರುವವನೂ ಮಾದಪ್ಪನ ಹೆಸರಲ್ಲಿ ಜೋಳಿಗೆ ಒಡ್ಡುತ್ತಾನೆ. ಸೊಕ್ಕು ಇಳಿಯಲಿ ಅಂತಲೇ ಹಿರಿಯರು ಮಾಡಿಟ್ಟದ್ದು ಅದು. ಇದು ನಿನಗೆ ಗೊತ್ತು. ಮೂರು ವರ್ಷದ ಹಿಂದೆ ಕ್ಯಾಮೆರಾ ಹೊತ್ತುಕೊಂಡು ಬಂದರಲ್ಲ ನಿನ್ನ ಹಾಡಿನ ಸ್ಪರ್ಧೆಯ ಚಾನೆಲ್ಲಿನವರು, ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗುವುದು ಬೇಕಾಗಿಯೂ ಇರಲಿಲ್ಲ. ಅವತ್ತು ಇವಳು ಅರಿಶಿನದ ಬಟ್ಟೆ ಉಟ್ಟು ಹೊರಟವಳು, ದೇವರ ಕೆಲಸ ನಾಡಿಗೆಲ್ಲ ಕಾಣುತ್ತದೆ ಅಂತ ಹಿಗ್ಗಿ, ಅವರು ಇನ್ನೊಂದು ಸಲ ನಡೀರಿ ಅಮ್ಮಾ ಅಂದಾಗೆಲ್ಲ ನಡೆದಳು.

ಪ್ರಸಾರದ ದಿನ ನಾನೇ ಅಂಗಡಿ ಮುಂದೆ ದೊಡ್ಡ ಪರದೆ ಕಟ್ಟಿಸಿದ್ದೆ. ಬೀದಿಗೆ ಬೀದಿಯೇ ಕೂತಿತ್ತು. ಪರದೆ ಮೇಲೆ ನಿಮ್ಮವ್ವ ಜೋಳಿಗೆ ಒಡ್ಡಿ ನಿಂತಳು, ಹಿಂದೆ ಪಿಟೀಲು ಗೊಳೋ ಅಂತು. ಮನೆಮನೆ ಭಿಕ್ಷೆ ಬೇಡಿ ಮಗನನ್ನು ಸಾಕಿದ ತಾಯಿ ಅಂತ ಒಬ್ಬ ಹೇಳಿದ. ಜನ್ಮದಲ್ಲಿ ಮೈಕನ್ನೇ ಕಾಣದ ಹುಡುಗ ಅಂತಲೂ ಹೇಳಿದ. ನನ್ನ ಅಂಗಡಿಯ ಮೈಕು ಕಚ್ಚಿ ಕಚ್ಚಿ ಹಲ್ಲು ಬಂದ ಹುಡುಗ ನೀನು! ತೀರ್ಪುಗಾರರು ಕಣ್ಣೊರೆಸಿಕೊಂಡರು. ನೀನೂ ಒರೆಸಿಕೊಂಡೆ. ಅದನ್ನೇ ನಾನು ಇವತ್ತಿಗೂ ಜೀರ್ಣಿಸಿಕೊಳ್ಳಲಾರೆ. ಆವಾಗ ಫೋನ್ ನೀನೇ ಎತ್ತುತ್ತಿದ್ದೆ. ‘ಅದು ಬರೀ ಸ್ಟೋರಿ ಅಪ್ಪಾ, ಗೆದ್ದ ಮೇಲೆ ನಿಜ ನಾನೇ ಹೇಳ್ತೀನಿ’ ಅಂದೆ.

ಗೆದ್ದೆ. ಆಮೇಲೆ? ಒಂದು ಆಲ್ಬಂ ಬಂತು, ಒಂದು ಸಿನಿಮಾದಲ್ಲಿ ನಾಯಕ ಬೈಕ್ ಹತ್ತುವಷ್ಟು ಹೊತ್ತು ಹಾಡಿದೆ. ಆಮೇಲೆ ಚಿನ್ನದಂಗಡಿಯ ಉದ್ಘಾಟನೆ, ರೆಸಾರ್ಟಿನ ಮದುವೆ. ಹಾಡು ಕಮ್ಮಿಯಾದಷ್ಟೂ ಅಳು ಜಾಸ್ತಿಯಾಯಿತು. ಎಲ್ಲಿ ನಿಂತರೂ ಮೊದಲು ಅದೇ ಜೋಳಿಗೆಯ ವಿಡಿಯೋ, ಆಮೇಲೆ ನೀನು. ನಾನು ಜನ ನೋಡಿ ವ್ಯಾಪಾರ ಮಾಡಿದವನು, ನನಗೆ ಕಾಣುತ್ತದೆ. ಓಟು ಬಿದ್ದದ್ದು ನಿನ್ನ ಕಂಠಕ್ಕೋ, ನಿಮ್ಮವ್ವನ ಜೋಳಿಗೆಗೋ ಅಂತ ನಿನಗೇ ಗೊತ್ತಿಲ್ಲ. ಆ ಭಯಕ್ಕೆ ಅದನ್ನು ಬಿಡಲಾರೆ. ಇಲ್ಲಿ ನಾನು ಟೀಗೆ ಹೋದರೆ ರಂಗಸ್ವಾಮಿ ಲೋಟ ತೊಳೆಯುತ್ತ, ‘ಏನ್ ಸಾವ್ಕಾರ್ರೇ, ಇವತ್ ಯಾವ್ ಬೀದಿ?’ ಅನ್ನುತ್ತಾನೆ. ಬಾಡಿಗೆ ಪೆಟ್ರೊಮ್ಯಾಕ್ಸ್ ತಲೆ ಮೇಲೆ ಹೊತ್ತು ಶುರುಮಾಡಿ ಮೂರು ಲಾರಿ ಸಾಮಾನು ಕೂಡಿಸಿದವನು ನಾನು. ನಕ್ಕು ಟೀ ಕುಡಿಯುತ್ತೇನೆ. ನನ್ನದು ಬಿಡು.

ಈ ಸೋಮವಾರ ನಿಮ್ಮವ್ವ ತೌರುಮನೆ ಬೀದಿಯಲ್ಲೂ ಕೋರಣ್ಯ ಎತ್ತಬೇಕೆಂದು ಯಳಂದೂರಿಗೆ ಹೋದಳು. ರಾಚಮ್ಮನ ಬಾಗಿಲಿಗೆ ನಿಂತು ಉಘೇ ಮಾದಪ್ಪ ಅಂದಳು. ರಾಚಮ್ಮ ಅವಳ ಜೊತೆ ಸೀಬೆ ಮರ ಹತ್ತಿದ ಗೆಳತಿ, ವರ್ಷವರ್ಷ ತಾನೂ ಕೋರಣ್ಯ ಎತ್ತುವವಳು. ಅಂಥವಳು ಮೊರದಲ್ಲಿ ರಾಗಿ ತರಲಿಲ್ಲ ಕಣೋ. ಐನೂರರ ನೋಟೊಂದು ಮಡಿಸಿ, ತಾನು ಉಟ್ಟುಬಿಟ್ಟ ಸೀರೆಯೊಂದನ್ನೂ ತಂದು ಜೋಳಿಗೆಗೆ ಹಾಕಿದಳು. ‘ಟೀವೀಲಿ ನೋಡ್ದೆ ಕಣಕ್ಕ. ಇಷ್ಟ್ ಕಷ್ಟ ಇದ್ರೂ ನನ್ಗೊಂದ್ ಮಾತ್ ಹೇಳ್ನಿಲ್ವಲ್ಲ ನೀನು’ ಅಂತ ಅತ್ತಳಂತೆ. ಇವಳು ಎಷ್ಟು ಬಿಡಿಸಿ ಹೇಳಿದರೂ, ಮಾನಕ್ಕೆ ಅಂಜಿ ಮುಚ್ಚಿಡ್ತಾವ್ಳೆ ಅಂತ ಇನ್ನೂ ಅತ್ತಳಂತೆ. ಬಸ್ಸಿಳಿದು ಬಂದವಳು ನನಗೆ ಹೇಳಿದ್ದು ಒಂದೇ ಮಾತು: ‘ದೇವ್ರೆಸ್ರಲ್ಲಿ ಕೇಳುದ್ರೆ ನನ್ನೆಸ್ರಿಗೆ ಆಕ್ತಾರೆ. ಇನ್ ನಾನ್ ಓಗಕಿಲ್ಲ.’ ಸೊಕ್ಕು ಇಳಿಸಿಕೊಳ್ಳಲು ಹೋದವಳ ಮಾನವನ್ನೇ ಇಳಿಸಿ ಕಳಿಸಿದೆಯಲ್ಲೋ. ನಿನ್ನ ದನಿಗೆ ಹೊತ್ತ ಹರಕೆ ನಿನ್ನ ದನಿಯಿಂದಲೇ ಮುರಿಯಿತು. ರಾಚಮ್ಮನನ್ನು ಬೈಯಲೇ? ಬೈದರೆ ನಿನ್ನನ್ನೇ ಬೈಯಬೇಕು.

ಇದರ ಮೇಲೆ ನಿನ್ನೆ ಮ್ಯಾನೇಜರ್ ಹುಡುಗಿಯ ಫೋನು. ಇಪ್ಪತ್ತೆರಡಕ್ಕೆ ಕೊಳ್ಳೇಗಾಲದಲ್ಲಿ ನಿನ್ನ ಶೋ, ಅಮ್ಮ ಸ್ಟೇಜಿಗೆ ಬರಬೇಕು, ನೀನು ಕಾಲು ಮುಟ್ಟುತ್ತೀಯ, ಸೀರೆ ಸ್ವಲ್ಪ ಹಳೇದಿದ್ದರೆ ಚೆನ್ನ ಅಂಕಲ್ ಅಂದಳು. ಯಳಂದೂರಿನಿಂದ ಒಂದು ಬಂದಿದೆಯಮ್ಮಾ ಅಂದೆ. ಅವಳಿಗೆ ತಿಳಿಯಲಿಲ್ಲ. ನಿನಗೆ ತಿಳಿಯಲಿ. ನಿಮ್ಮವ್ವ ಬರುವುದಿಲ್ಲ. ಇನ್ನೊಂದು ಮಾತು: ಆ ಶೋ ನಡೆಸುವ ಮಲ್ಲಿಕಾರ್ಜುನಸ್ವಾಮಿ ಸೌಂಡ್ ಗೊತ್ತುಮಾಡಿರುವುದು ನನ್ನ ಅಂಗಡಿಯಲ್ಲಿ. ನಾನು ಯಾರ ಅಪ್ಪ ಅಂತ ಅವನಿಗೆ ಗೊತ್ತಿಲ್ಲ, ಭಿಕ್ಷುಕಿಯ ಗಂಡ ಹೀಗಿರಲಾರ ಅಂದುಕೊಂಡಿರಬೇಕು. ಆ ವಿಡಿಯೋ ಪರದೆ ಮೇಲೆ ಬಂದ ಗಳಿಗೆಗೆ ನಾನು ಮೇನ್ ಸ್ವಿಚ್ ಎಳೆಯುತ್ತೇನೆ. ಆಮೇಲೆ ಮೈಕಿಲ್ಲದೆ ಹಾಡು. ಮೈಕು ಕಾಣದ ಹುಡುಗ ಅಲ್ಲವೇ ನೀನು?

ಹೊತ್ತಿಗೆ ಸರಿಯಾಗಿ ಉಣ್ಣು. ಮಾದಪ್ಪ ನಿನ್ನ ಗಂಟಲನ್ನೂ ಅದಕ್ಕಿಂತ ಮುಂಚೆ ಬುದ್ಧಿಯನ್ನೂ ಕಾಯಲಿ.

ನಿನ್ನ ಅಪ್ಪ,
ಶಾಂತಮೂರ್ತಿ

ಮರೆತಿದ್ದೆ: ರಾಚಮ್ಮನ ನೋಟು, ಸೀರೆ ಎರಡನ್ನೂ ಹಾಗೇ ಎತ್ತಿಟ್ಟಿದ್ದೇನೆ, ನೀನೇ ಒಯ್ದು ಕೊಟ್ಟು ಬಾಯಿಬಿಟ್ಟು ಹೇಳಬೇಕು. ಜೋಳಿಗೆ ಒಗೆದು ಒಣಗಿಸಿದ್ದೇನೆ. ಶೋಗೆ ಒಂದು ದಿನ ಮುಂಚೆ ಬಾ. ಕಾರು, ಮ್ಯಾನೇಜರ್ ಎಲ್ಲ ಕೊಳ್ಳೇಗಾಲದಲ್ಲೇ ಇರಲಿ. ಹರಕೆ ನಿನ್ನ ಗಂಟಲಿನದು, ಈ ವರ್ಷದ ಕೋರಣ್ಯ ನೀನು ಎತ್ತು, ಬರಿಗಾಲಲ್ಲಿ, ಶೋ ಪೋಸ್ಟರಿನ ಮೇಲಿರುವ ಆ ಮುಖ ಹೊತ್ತುಕೊಂಡೇ. ನಿಮ್ಮವ್ವನಿಗೆ ಹೇಳಿದೆ. ಬೆಳಗಿನಿಂದ ಮೊರದಲ್ಲಿ ರಾಗಿ ಕೇರುತ್ತಾ ಕೂತಿದ್ದಾಳೆ. ಮೊದಲ ಬಾಗಿಲು ನಮ್ಮದು.