ಯಾರಿಗೂ ಹೇಳಬಾರದಂತೆ

ಜೂನ್ ೧೧, ಬುಧವಾರ

ಮ್ಯಾಮೋಗ್ರಾಮ್ ಮಾಡಿದವರು ಬೆಳಿಗ್ಗೆ ಫೋನ್ ಮಾಡಿದ್ದರು. ಎಡ ಎದೆಯ ಚಿತ್ರ ಇನ್ನೊಮ್ಮೆ ತೆಗೆಯಬೇಕಂತೆ, ಸ್ಕ್ಯಾನಿಂಗೂ ಆಗಬೇಕಂತೆ. "ಹೀಗೆ ಕರೆಸಿದೋರಲ್ಲಿ ಹೆಚ್ಚಿನೋರಿಗೆ ಏನೂ ಇರಲ್ಲಮ್ಮ," ಎಂದಳು ನರ್ಸ್. ಆದರೂ ದಿನವನ್ನು ಎರಡೆರಡು ಸಲ ಕೇಳಿ ಬರೆದುಕೊಂಡೆ: ಶುಕ್ರವಾರ.

ಅತ್ತೆ ಬಾಗಿಲು ಹಾಕಿ ಪಿಸುಗುಟ್ಟಿದರು: "ಯಾರ ಹತ್ರಾನೂ ಬಾಯಿ ಬಿಡಬೇಡ ಕಣೆ. ಜನ ಏನಂದ್ಕೋತಾರೆ?"

ನಾನೇನು ಕಳ್ಳತನ ಮಾಡಿದ್ದೇನೆಯೇ? ಮಧ್ಯಾಹ್ನ ಡಿಪೋದಲ್ಲಿ, ಊಟಕ್ಕೆ ಕೂತಿದ್ದ ಡ್ರೈವರುಗಳೆಲ್ಲರ ಎದುರೇ, ಮೇಲಧಿಕಾರಿಗೆ ಹೇಳಿಬಿಟ್ಟೆ: "ಶುಕ್ರವಾರ ನಾನು ಬಸ್ ಓಡಿಸಲ್ಲ ಸಾರ್. ಎದೆ ಪರೀಕ್ಷೆ ಇದೆ." ಅವರು ನೆಲ ನೋಡಿದರು.

ಕೈ ತೊಳೆಯುವಾಗ ಟಿಕೆಟ್ ಕೌಂಟರಿನ ಅಕ್ಕ ಪಕ್ಕಕ್ಕೆ ಬಂದಳು. "ನನ್ನ ಎದೇಲಿ ಒಂದು ಗಂಟಿದೆ ಕಣೆ. ವರ್ಷದಿಂದ ಬಚ್ಚಿಟ್ಕೊಂಡಿದೀನಿ. ನಾನೂ ಬರ್ಲಾ?"

ಶುಕ್ರವಾರ ಇಬ್ಬರೂ ಹೋಗುತ್ತೇವೆ. ಭಯ ಇದೆ, ಇರಲಿ. ಬಚ್ಚಿಡುವುದು ಮಾತ್ರ ಇನ್ನು ಸಾಕು.