ಒಂದು ಅರ್ಜಿಯ ಅಂಚಿನ ಕುರಿತು ವಿದ್ಯಾರ್ಥಿವೇತನ ಅಧಿಕಾರಿಗಳಿಗೆ

ಮಾನ್ಯ ವಿದ್ಯಾರ್ಥಿವೇತನ ಅಧಿಕಾರಿಗಳೇ,

ನನ್ನ ಮಗಳ ಅರ್ಜಿಯನ್ನು ನಿಮ್ಮ ಕಚೇರಿ ತಿರಸ್ಕರಿಸಿದೆ. ಕಾರಣ ಒಂದೇ ಸಾಲು: "ಅರ್ಜಿ ಸಂಖ್ಯೆ ಕಂಡುಬಂದಿಲ್ಲ." ಆ ಸಂಖ್ಯೆಯನ್ನು ಕತ್ತರಿಸಿ ಹಾಕಿದವನು ನಾನೇ. ತಪ್ಪಿತಸ್ಥನನ್ನು ಹುಡುಕುವ ಶ್ರಮ ತಮಗೆ ಬೇಡವೆಂದು ಮೊದಲೇ ಒಪ್ಪಿಕೊಳ್ಳುತ್ತಿದ್ದೇನೆ.

ನಾನು ಇಪ್ಪತ್ತಾರು ವರ್ಷಗಳಿಂದ ಪುಸ್ತಕಗಳಿಗೆ ಬೈಂಡಿಂಗ್ ಹಾಕುವವನು. ಮಗಳಿಗೆ ರಸಾಯನಶಾಸ್ತ್ರ ಓದುವ ಆಸೆ. ಕಾಲೇಜಿನಲ್ಲಿ ಸೀಟೂ ಸಿಕ್ಕಿದೆ. ವಿದ್ಯಾರ್ಥಿವೇತನ ಸಿಗದಿದ್ದರೆ ಈ ತಿಂಗಳ ಕೊನೆಗೆ ಆ ಸೀಟು ಬೇರೆಯವರ ಪಾಲು. ವಿದ್ಯಾರ್ಥಿವೇತನ ಹುಡುಕಲು ಹೊರಟ ನಮಗೆ ಮೊದಲು ಸಿಕ್ಕವರು ಮೋಸಗಾರರು. ಅಬ್ಬಾ, ಅವರ ಸೌಜನ್ಯವೇ! ಒಂದೇ ರಿಂಗಿಗೆ ಫೋನ್ ಎತ್ತುತ್ತಿದ್ದರು. "ಟೆನ್ಶನ್ ಮಾಡ್ಕೋಬೇಡಿ ಅಣ್ಣ, ನಿಮ್ಮ ಮಗಳು ಸೆಲೆಕ್ಟ್ ಆಗಿದಾಳೆ. ನೋಂದಣಿ ಶುಲ್ಕ ಒಂದು ಕಳಿಸ್ಬಿಡಿ" ಎಂದರು. "ಅರ್ಜಿನೇ ಹಾಕಿಲ್ಲ, ಹೆಂಗಪ್ಪ ಸೆಲೆಕ್ಟ್ ಆಗ್ತೀನಿ?" ಎಂದಳು ಮಗಳು. ನಾನು ಆಗಲೇ ಕಳಿಸಿಬಿಟ್ಟಿದ್ದೆ. ಮರುದಿನದಿಂದ ಆ ನಂಬರಿನ ಸದ್ದೇ ಇಲ್ಲ.

ಕಾಲೇಜಿನ ಗ್ರಂಥಪಾಲಕಿ ನನ್ನ ಮುಖ ನೋಡಿ ಮರುಗಿದರು. "ನಿಜವಾದೋರು ಅರ್ಜಿ ಹಾಕೋಕೆ ದುಡ್ಡು ಕೇಳಲ್ಲ ಕಣ್ರೀ. ಮೊದ್ಲೇ ಇಲ್ಲಿ ಬಂದು ವಿಚಾರಿಸೋದಲ್ವಾ?" ಎಂದು ನಿಮ್ಮ ಪ್ರಕಟಣೆ ತೋರಿಸಿದರು. ಅದು ಇದ್ದದ್ದು ಕಬ್ಬಿಣದ ಬೀರುವಿನ ಹಿಂದಿನ ಗೋಡೆಯಲ್ಲಿ. ಸ್ವಾಮಿ, ಮೋಸ ತಾನಾಗಿ ಮನೆ ಬಾಗಿಲಿಗೆ ಬರುವಾಗ ನಿಜವನ್ನು ಮಾತ್ರ ಬೀರು ಸರಿಸಿ ಓದಬೇಕೇ?

ಆದರೂ ಓದಿದೆವು. ಆದಾಯ ಪತ್ರ, ಅಂಕಪಟ್ಟಿ, ಪ್ರಾಂಶುಪಾಲರ ಸಹಿ, ಎಲ್ಲ ಕೂಡಿಸಿದೆವು. ಏಕೆ ಓದಬೇಕು ಎಂಬ ಪ್ರಬಂಧವನ್ನು ಅವಳು ಮೂರು ಸಲ ಬರೆದಳು. ಕೊನೆಗೆ ಕಾಗದಗಳನ್ನು ಜೋಡಿಸಿ, "ಪಿನ್ ಹಾಕಿದ್ರೆ ಸಾಕಪ್ಪ" ಎಂದಳು.

"ಏ ಸುಮ್ನಿರೇ. ದೊಡ್ಡೋರ ಕೈಗೆ ಹೋಗೋ ಕಾಗದ, ನೀಟಾಗಿರ್ಲಿ" ಎಂದೆ.

ದಾರದಲ್ಲಿ ಹೊಲಿದೆ. ಬೆನ್ನಿಗೆ ನೀಲಿ ಬಟ್ಟೆ ಹಾಕಿದೆ. ಕಟಿಂಗ್ ಮಷಿನ್‌ಗೆ ಕೊಟ್ಟು ಮೂರೂ ಕಡೆ ಅಂಚು ಸಮ ಮಾಡಿದೆ. ಅಂಚು ಕತ್ತರಿಸದ ಕೆಲಸವನ್ನು ನಾನು ಈವರೆಗೆ ಯಾರಿಗೂ ಕೊಟ್ಟವನಲ್ಲ. ನಿಮ್ಮ ಸಂಖ್ಯೆ ಪುಟದ ತೀರಾ ಕೆಳತುದಿಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ ಇತ್ತು.

ತಿರಸ್ಕಾರ ತಿಳಿದದ್ದು ಕೊನೆಯ ದಿನಾಂಕ ಕಳೆದು ವಾರದ ಮೇಲೆ. ನಿಮ್ಮ ಕಚೇರಿಗೆ ಹನ್ನೊಂದು ಸಲ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಖುದ್ದಾಗಿ ಬಂದೆ. ಗುಮಾಸ್ತರು ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಬೈಂಡಿಂಗ್ ಚೆನ್ನಾಗಿದೆ ರೀ. ಆದ್ರೆ ನಂಬರೇ ಇಲ್ವಲ್ಲ" ಎಂದರು. ಅವಳ ಹೆಸರಿತ್ತು, ಫೋಟೊ ಇತ್ತು, ಅಂಕಗಳಿದ್ದವು. ಅಷ್ಟೆಲ್ಲ ಇದ್ದೂ ಅವಳು ಯಾರೆಂದು ತಮಗೆ ತಿಳಿಯಲಿಲ್ಲವೇ? ಒಂದು ಮಾತು ಕೇಳಿದ್ದರೆ ಓಡಿ ಬರುತ್ತಿರಲಿಲ್ಲವೇ ನಾನು?

ನಮ್ಮ ಅಂಗಡಿಯ ರದ್ದಿ ಮೂಟೆಗಳು ಪುಣ್ಯಕ್ಕೆ ಇನ್ನೂ ಹೋಗಿರಲಿಲ್ಲ. ಅಪ್ಪ ಮಗಳು ಎರಡು ದಿನ ನೆಲದ ಮೇಲೆ ಕೂತು ಕತ್ತರಿಸಿದ ಪಟ್ಟಿಗಳನ್ನು ಒಂದೊಂದಾಗಿ ಹೆಕ್ಕಿದೆವು. ಸಂಖ್ಯೆಯಿದ್ದ ಪಟ್ಟಿ ಸಿಕ್ಕಿದ್ದು ಅವಳ ಕೈಗೆ. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಿಡಪ್ಪ, ಮುಂದಿನ ವರ್ಷ ನೋಡೋಣ" ಎಂದು ಗೋಂದಿನ ಬ್ರಷ್ ಕೈಗೆತ್ತಿಕೊಂಡಳು. ಈಗ ದಿನವೂ ನನ್ನ ಪಕ್ಕದಲ್ಲಿ ಕೂತು ಬೇರೆ ಮಕ್ಕಳ ಪುಸ್ತಕಗಳಿಗೆ ರಟ್ಟು ಅಂಟಿಸುತ್ತಾಳೆ. ನೋಡಲಾಗದೆ ನಾನು ಹೊರಗೆ ಹೋಗಿ ಅತ್ತು ಬರುತ್ತೇನೆ.

ನಾನು ಕೇಳುವುದು ದಯೆಯಲ್ಲ. ಅವಳ ಅರ್ಜಿಯನ್ನು ಈ ತಿಂಗಳು ಮುಗಿಯುವ ಮೊದಲು ತೆರೆದು ಓದಿ. ಅರ್ಹಳಲ್ಲವೆಂದರೆ ಹಾಗೆಂದೇ ಬರೆಯಿರಿ, ತಲೆಬಾಗುತ್ತೇವೆ. ಅಪ್ಪ ಕತ್ತರಿಸಿದ ಕಾಗದಕ್ಕೆ ಮಗಳನ್ನು ಹೊಣೆ ಮಾಡಬೇಡಿ. ಕಳೆದುಹೋದ ಸಂಖ್ಯೆಯ ಪಟ್ಟಿ ಈ ಪತ್ರದ ಜೊತೆಗಿದೆ. ಹೊಲಿದಿಲ್ಲ, ಅಂಟಿಸಿಲ್ಲ. ಪಿನ್ ಹಾಕಿದ್ದೇನೆ, ಅಷ್ಟೇ.

ಇಂತಿ,
ಅವತ್ತೇ ಮಗಳ ಮಾತು ಕೇಳಬೇಕಿದ್ದ
ಒಬ್ಬ ಬೈಂಡರ್